ಹದಿನಾರು, ಎರಡು, ಹದಿನಾಲ್ಕು: ಪಾರ್ಕಿನ ಎರಡು ಫಿರಂಗಿಗಳ ಪ್ರಕರಣ

ಫಿರಂಗಿಯ ಬಾಯಲ್ಲಿ ಸೊಳ್ಳೆ ಮರಿ ಸಿಕ್ಕಿದ್ದೇ ಈ ಪ್ರಕರಣಕ್ಕೆ ಮೂಲ. ಇತಿಹಾಸ, ಪರಂಪರೆ, ಸಂರಕ್ಷಣೆ ಎಲ್ಲ ಆಮೇಲೆ ಬಂದವು.

ಎರಡು ವರ್ಷದ ಹಿಂದಿನ ಜುಲೈ. ಕೊಡಗಿನ ಒಂದು ಸಣ್ಣ ಊರು. ಹೆಸರು ಬೇಡ, ಯಾಕೆಂದರೆ ಇಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ, ಉಳಿದವರು ದಿನಾ ಎದುರಿಗೆ ಸಿಗುವವರು. ಬಸ್ ನಿಲ್ದಾಣದ ಹಿಂದಿನ ಏರು ಹತ್ತಿದರೆ ಪಾರ್ಕು. ಗೇಟಿನ ಎಡಕ್ಕೊಂದು ಬಲಕ್ಕೊಂದು ಕಾಂಕ್ರೀಟ್ ಕಟ್ಟೆ, ಕಟ್ಟೆಯ ಮೇಲೆ ಒಂದೊಂದು ಫಿರಂಗಿ. ಎರಡೂ ಬಾಯಿ ಮೇಲೆತ್ತಿ ಕಣಿವೆಯ ಕಡೆ ಮುಖ ಮಾಡಿ ನಿಂತಿದ್ದವು. ಮಕ್ಕಳು ಕುದುರೆ ಹತ್ತಿದ ಹಾಗೆ ಹತ್ತುತ್ತಿದ್ದರು. ಪ್ರವಾಸಿಗರು ಬಾಯೊಳಗೆ ತಲೆ ಇಟ್ಟ ಹಾಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಳೆ ಹಿಡಿದು ಹದಿನೈದು ದಿನವಾಗಿತ್ತು. ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟೈರು, ಹೂಕುಂಡ, ಎಳನೀರು ಚಿಪ್ಪು ಎಲ್ಲ ನೋಡಿ ಮುಗಿಸಿ, ಸುಮ್ಮನೆ ಬಲಗಡೆ ಫಿರಂಗಿಯ ಬಾಯಿಗೆ ಟಾರ್ಚ್ ಬಿಟ್ಟಿದ್ದಾರೆ. ಒಳಗೆ ನೀರು, ನೀರಿನಲ್ಲಿ ಲಾರ್ವಾ ಕುಣಿಯುತ್ತಿತ್ತು.

ಆಮೇಲೆ ನಾನು ಲೆಕ್ಕ ಹಾಕಿ ನೋಡಿದೆ. ಒಳಗಿನ ಕೊಳವೆ 93 ಮಿಲಿಮೀಟರ್ ಅಗಲ, ಆಳ ಸುಮಾರು ಐದೂವರೆ ಅಡಿ. ತುಂಬಿದರೆ ಹನ್ನೊಂದು ಲೀಟರಿಗೂ ಮಿಕ್ಕಿ ನೀರು ಹಿಡಿಯುತ್ತದೆ, ಹೆಚ್ಚುಕಡಿಮೆ ಒಂದು ಕೊಡ. ಬಾಯಿ ಆಕಾಶಕ್ಕಿಟ್ಟ ಕೊಡವನ್ನು ಕೊಡಗಿನ ಮಳೆಗಾಲದಲ್ಲಿ ನಾಲ್ಕು ತಿಂಗಳು ಹೊರಗೆ ಬಿಟ್ಟರೆ ಅದು ಖಾಲಿ ಉಳಿಯುವುದುಂಟೆ?

ಮೂರನೇ ದಿನಕ್ಕೆ ಮೌಖಿಕ ಆದೇಶ ಬಂತು: ಬಾಯಿಗೆ ಸಿಮೆಂಟ್ ಹಾಕಿ ಮುಚ್ಚಿಬಿಡಿ. ಎಡಗಡೆಯದಕ್ಕೆ ಯಾವ ಕಾಲದಲ್ಲೋ ಹಾಗೆ ಹಾಕಿದ್ದರು, ಅದರಲ್ಲಿ ಸೊಳ್ಳೆಯ ತಕರಾರು ಬಂದಿರಲಿಲ್ಲ. ಮೇಸ್ತ್ರಿ ಬಾಂಡ್ಲಿ ಹಿಡಿದು ಬಂದೂ ಆಗಿತ್ತು. ಪಾರ್ಕಿನ ಮಾಲಿ ನನಗೆ ಫೋನ್ ಮಾಡಿದ. ನಾನು ಐಟಿಐಯಲ್ಲಿ ಇಪ್ಪತ್ತೇಳು ವರ್ಷ ಫಿಟ್ಟರ್ ವಿಭಾಗದಲ್ಲಿ ಪಾಠ ಹೇಳಿದವನು, ಈಗ ನಿವೃತ್ತ. ಪಾರ್ಕಿನ ಉಸ್ತುವಾರಿಗೆ ಮಾಡಿದ ಸಮಿತಿಯಲ್ಲಿ ಹೆಸರಿಗೊಬ್ಬ ಸದಸ್ಯ. ಅಲ್ಲಿಯವರೆಗೆ ಎರಡು ಸಭೆಗೆ ಹೋಗಿದ್ದೆ, ಎರಡರಲ್ಲೂ ಉಪ್ಪಿಟ್ಟು ಚೆನ್ನಾಗಿತ್ತು.

"ಸಾರ್, ಸಿಮೆಂಟ್ ಕಲಸಿಬಿಟ್ಟಿದ್ದಾರೆ, ಬೇಗ ಬನ್ನಿ" ಅಂದ ಮಾಲಿ.

ಹೋದೆ. ಕಲಸಿದ ಸಿಮೆಂಟಿನಲ್ಲಿ ಗೇಟಿನ ಕಂಬದ ಬಿರುಕು ಮುಚ್ಚಿಸಿದೆ, ಮೇಸ್ತ್ರಿಗೂ ಬೇಸರವಾಗಲಿಲ್ಲ. ಫಿರಂಗಿಯ ಬಾಯಿಗೆ ಸದ್ಯಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಒಳಗಿನ ನೀರನ್ನು ಪೈಪಿನಿಂದ ಹೀರಿ ತೆಗೆದೆವು. ನೀರಿನ ಜೊತೆ ಬಂದದ್ದು: ಚಿಪ್ಸ್ ಪೊಟ್ಟಣ ಏಳು, ಬೀಡಿ ತುಂಡು ಎಣಿಸಲಾರದಷ್ಟು, ಕ್ವಾರ್ಟರ್ ಬಾಟಲಿ ಒಂದು, ಯಾವುದೋ ಮಗುವಿನ ಎಡಗಾಲಿನ ಬೂಟು.

ಮುಚ್ಚಿದ್ದು ಮತ್ತು ತೆರೆದದ್ದು

ಇಲ್ಲಿ ನಮಗೆ ಬೇಡದೆ ಸಿಕ್ಕ ಒಂದು ಅನುಕೂಲವಿತ್ತು. ಒಂದೇ ಮಾದರಿಯ ಎರಡು ಫಿರಂಗಿ, ಒಂದೇ ಜಾಗ, ಒಂದೇ ಮಳೆ. ಒಂದರ ಬಾಯಿ ಸಿಮೆಂಟಿನಿಂದ ಮುಚ್ಚಿದ್ದು, ಇನ್ನೊಂದರದು ತೆರೆದದ್ದು. ಪ್ರಯೋಗಶಾಲೆಯಲ್ಲಿ ದುಡ್ಡು ಕೊಟ್ಟು ಮಾಡಿಸುವಂಥ ಪರೀಕ್ಷೆಯನ್ನು ನಮ್ಮವರು ಅರಿವಿಲ್ಲದೆ ಮಾಡಿಟ್ಟಿದ್ದರು.

ಸಿಮೆಂಟ್ ಹಾಕಿದವರು ಒಂದನ್ನು ಮರೆತಿದ್ದರು. ಫಿರಂಗಿಗೆ ಬಾಯಿ ಒಂದೇ ಅಲ್ಲ, ಬುಡದ ಹತ್ತಿರ ಮೇಲ್ಗಡೆ ಸಣ್ಣ ಕಿಂಡಿಯೊಂದಿದೆ. ಮದ್ದಿಗೆ ಬೆಂಕಿ ತಾಗಿಸುವುದು ಅಲ್ಲಿಂದ. ಕಿರುಬೆರಳೂ ಹೋಗದ ತೂತು, ಆದರೆ ಮಳೆ ನೀರಿಗೆ ಧಾರಾಳ ಸಾಕು. ಎಡಗಡೆಯದರಲ್ಲಿ ನೀರು ಕಿಂಡಿಯಿಂದ ಇಳಿಯುತ್ತಿತ್ತು, ಬಾಯಿಂದ ಹೊರಡಲು ದಾರಿಯಿರಲಿಲ್ಲ. ಬೇಸಿಗೆಯಲ್ಲೂ ಒಳಗೆ ಒದ್ದೆ. ಸಿಮೆಂಟಿನ ಅಂಚಿನ ಬಿರುಕಿನಲ್ಲಿ ಕೆಂಪು ನೀರು ಜಿನುಗಿ, ಕಟ್ಟೆಯ ಮೇಲೆ ಎಲೆಯಡಿಕೆ ಉಗಿದ ಹಾಗೆ ಕಲೆ. ನಾವೆಲ್ಲ ಅದನ್ನು ನಿಜವಾಗಿಯೂ ಯಾರೋ ಉಗಿದದ್ದೆಂದೇ ತಿಳಿದು ಬೈಯುತ್ತಿದ್ದೆವು.

ಹೊರಮೈಯ ಕಥೆ ಬೇರೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಮೊದಲು ಒಂದು ಸುತ್ತು ಪೇಂಟ್. ಕೆಲವು ವರ್ಷ ಬೆಳ್ಳಿ ಬಣ್ಣ, ಕೆಲವು ವರ್ಷ ಕಪ್ಪು, ಒಮ್ಮೆ ಕಪ್ಪಿನ ಮೇಲೆ ಚಿನ್ನದ ಬಳೆ. ಬ್ಲೇಡಿನಿಂದ ಒಂದು ಚೂರು ಎಬ್ಬಿಸಿ ಅಂಚು ನೋಡಿದರೆ ಹನ್ನೊಂದು ಪದರ ಎಣಿಸಬಹುದಿತ್ತು. ತುಕ್ಕಿನ ಮೇಲೆ ಹೊಡೆದ ಪೇಂಟು ತುಕ್ಕನ್ನು ತಡೆಯುವುದಿಲ್ಲ, ಕಾಣದ ಹಾಗೆ ಮಾಡುತ್ತದೆ. ಅಷ್ಟೇ ಅಲ್ಲ, ಪದರದ ಹಿಂದೆ ಹೋದ ತೇವ ಆರಲು ಬಿಡುವುದಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ವಿಜಯಪುರದ ಮಲಿಕ್-ಎ-ಮೈದಾನ್ ನಾನೂರೈವತ್ತು ವರ್ಷ ದಾಟಿ ಬುರುಜಿನ ಮೇಲೆ ಬಿಸಿಲಲ್ಲಿ ಕೂತಿದೆ. ಅದಕ್ಕೆ ಯಾರು ಸಂರಕ್ಷಣೆ ಮಾಡಿದ್ದಾರೆ? ನಮ್ಮದಕ್ಕೇನು ರೋಗ?" 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾದ, ಐವತ್ತೈದು ಟನ್ ತೂಗುವ ಆ ತೋಪು ತಾಮ್ರ ತವರದ ಮಿಶ್ರಲೋಹದ್ದು, ಕಂಚಿನ ಜಾತಿಯದು. ಜೊತೆಗೆ ಅಲ್ಲಿ ಬೀಳುವ ಮಳೆ ನಮ್ಮದರ ಕಾಲುಭಾಗವೂ ಇಲ್ಲ. ನಮ್ಮವು ಬೀಡಿನವು, ಎರಕದ ಕಬ್ಬಿಣ. ಕಂಚು ಹಸಿರು ಹೊದ್ದು ಸುಮ್ಮನೆ ಕೂರುತ್ತದೆ, ಬೀಡು ಒಳಗಿಂದ ಕರಗುತ್ತದೆ.

ಕರಗುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಅನಾಹುತ ಅಲ್ಲೇ ಇದೆ. ಬೀಡಿನಲ್ಲಿ ನೂರಕ್ಕೆ ಮೂರು ಚಿಲ್ಲರೆ ಪಾಲು ಇಂಗಾಲ. ಅದರಲ್ಲಿ ಹೆಚ್ಚಿನದು ಗ್ರಾಫೈಟಿನ ತೆಳು ಎಸಳುಗಳಾಗಿ ಕಬ್ಬಿಣದೊಳಗೆ ಹಾಸಿಕೊಂಡಿರುತ್ತದೆ. ಗ್ರಾಫೈಟ್ ಅಂದರೆ ನಮ್ಮ ಪೆನ್ಸಿಲಿನ ಕಡ್ಡಿ. ವರ್ಷಗಟ್ಟಲೆ ಒದ್ದೆಯಲ್ಲಿದ್ದಾಗ ಕಬ್ಬಿಣ ತುಕ್ಕಾಗಿ ಹೋಗಿ, ಗ್ರಾಫೈಟಿನ ಜಾಲ ಮಾತ್ರ ನಿಂತಲ್ಲೇ ಉಳಿಯುತ್ತದೆ. ಆಕಾರ ಹಾಗೇ ಇರುತ್ತದೆ, ಅಕ್ಷರ ಹಾಗೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಎಡಗಡೆ ಫಿರಂಗಿಯ ಅಡಿಭಾಗ, ಕಟ್ಟೆಗೆ ತಾಗಿಕೊಂಡಿದ್ದ ಕಡೆ, ಉಗುರಿನಿಂದ ಗೀರಿದೆ. ಗೆರೆ ಬಿತ್ತು. ಉಗುರು ನೋಡಿಕೊಂಡರೆ ಒಂದನೇ ಕ್ಲಾಸಿನ ಹುಡುಗನ ಬೆರಳಿನ ಹಾಗೆ ಕಪ್ಪು. ಕಬ್ಬಿಣವನ್ನು ಉಗುರಿನಲ್ಲಿ ಗೀರಿದ್ದು ನನ್ನ ಸರ್ವೀಸಿನಲ್ಲೇ ಅದು ಮೊದಲು.

ಎರಡು ನಿಮಿಷದ ಗ್ರೈಂಡರು

ನವೆಂಬರಿನಲ್ಲಿ ಮಳೆ ಬಿಟ್ಟ ಮೇಲೆ "ಸ್ವಚ್ಛಗೊಳಿಸಿ ಬಣ್ಣ ಬಳಿಯುವ ಕಾಮಗಾರಿ" ಎಂದು ಸಣ್ಣ ಮೊತ್ತ ಮಂಜೂರಾಯಿತು. ಗುತ್ತಿಗೆ ಪಡೆದ ಹುಡುಗ ಒಳ್ಳೆಯವನು, ನನ್ನದೇ ಹಳೆಯ ವಿದ್ಯಾರ್ಥಿ. ಅವನಿಗೆ ಹೇಗೆ ಮಾಡಬೇಕೆಂದು ಬರೆದು ಕೊಡಬೇಕಾಗಿದ್ದವನು ನಾನು. ಬಾಯಲ್ಲಿ ಹೇಳಿದರೆ ಸಾಕೆಂದುಕೊಂಡೆ. ಹೇಳಿದ್ದೂ ಅರ್ಧ. ಅವನು ಬೆಳಿಗ್ಗೆ ಏಳಕ್ಕೇ ಬಂದು, ನಾನು ಕಾಫಿ ಕುಡಿದು ಹೊರಡುವಷ್ಟರಲ್ಲಿ ಗ್ರೈಂಡರಿಗೆ ವೈರ್ ಬ್ರಷ್ ಸಿಕ್ಕಿಸಿ ಬಲಗಡೆಯದಕ್ಕೆ ಹಿಡಿದಿದ್ದ.

ಎರಡೇ ನಿಮಿಷ ಅನ್ನುತ್ತಾನೆ ಅವನು. ಅಷ್ಟರಲ್ಲಿ ಬುಡದ ಮೇಲಿನ ಅಂಗೈಯಗಲದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಮೊದಲು ಕೊರೆದ ಅಂಕೆಗಳಿದ್ದವು: 16-2-14. ಕೊನೆಯ ನಾಲ್ಕು ಹೋಗಿತ್ತು. ಮೆತ್ತಗಾದ ಗ್ರಾಫೈಟಿನ ಪದರದಲ್ಲೇ ಉಳಿದಿದ್ದ ಅಂಕೆ ಧೂಳಾಗಿ ಅವನ ಅಂಗಿಯ ಮೇಲೆ ಕೂತಿತ್ತು. "ಸಾರ್, ತುಕ್ಕು ತೆಗೀತಿದ್ದೆ" ಅಂದ. ತಪ್ಪು ಅವನದಲ್ಲ ಅಂತ ಸಮಿತಿಯಲ್ಲಿ ನಾನೇ ಹೇಳಿದೆ, ನಡಾವಳಿಯಲ್ಲೂ ಬರೆಸಿದೆ.

ಅಂಕೆ ಉಳಿದದ್ದು ಹೈಸ್ಕೂಲಿನ ಮಕ್ಕಳಿಂದ. ಹಿಂದೊಂದು ವರ್ಷ ವಸ್ತುಪ್ರದರ್ಶನಕ್ಕೆಂದು ಅವರು ಎರಡೂ ಫಿರಂಗಿಗಳ ಅಂಕೆಯ ಮೇಲೆ ತೆಳು ಕಾಗದವಿಟ್ಟು, ನಾಣ್ಯದ ಅಚ್ಚು ತೆಗೆಯುವ ಹಾಗೆ ಪೆನ್ಸಿಲ್ ಉಜ್ಜಿದ್ದರು. ಕಾಗದ ಶಾಲೆಯ ಬೀರುವಿನಲ್ಲಿತ್ತು. ಬಲಗಡೆಯದು 16-2-14, ಎಡಗಡೆಯದು 16-1-22. ಕಬ್ಬಿಣದ ಪೆನ್ಸಿಲ್ ಕಡ್ಡಿ ಅಳಿಸಿದ್ದನ್ನು ಮರದ ಪೆನ್ಸಿಲ್ ಕಡ್ಡಿ ಉಳಿಸಿಕೊಂಡಿತ್ತು.

ತಾರೀಖೋ ತೂಕವೋ

ಆ ಅಂಕೆಗಳ ಮೇಲೆ ಊರಿನಲ್ಲಿ ಒಂದು ಇತಿಹಾಸವೇ ನಿಂತಿತ್ತು. ಪಾರ್ಕಿನ ಹಳೆಯ ಬೋರ್ಡು "ಟಿಪ್ಪು ಸುಲ್ತಾನನ ಕಾಲದ ಫಿರಂಗಿಗಳು" ಅನ್ನುತ್ತಿತ್ತು. ಕೊಡಗಿನಲ್ಲಿ ಆ ಹೆಸರು ಬೋರ್ಡಿನ ಮೇಲೆ ತಣ್ಣಗೆ ಕೂರುವಂಥದ್ದಲ್ಲ. ಕೆಲವು ವರ್ಷದ ಹಿಂದೆ ಯಾರೋ ಅದಕ್ಕೆ ಡಾಂಬರು ಬಳಿದರು. ಹೊಸ ಬೋರ್ಡು ಬಂತು: "ಕೊಡಗಿನ ಅರಸರ ಫಿರಂಗಿಗಳು. ತಯಾರಿ ದಿನಾಂಕ 16-2-1814 ಮತ್ತು 16-1-1822." ಓದಿದವರಿಗೆ ಸಂಶಯವೇ ಬರದ ಹಾಗೆ ಹೊಂದುತ್ತಿತ್ತು. ಲಿಂಗರಾಜೇಂದ್ರ ಆಳಿದ್ದು 1811ರಿಂದ 1820, ಮಡಿಕೇರಿ ಕೋಟೆಯ ಅರಮನೆಯನ್ನು ಹೊಸದಾಗಿ ಕಟ್ಟಿಸಿದ್ದು 1812ರಿಂದ 1814. ಮೊದಲನೆಯದು ಅವನ ಕಾಲಕ್ಕೆ ಸರಿಯಾಯಿತು. 1822 ಅಂದರೆ ಮಗ ಚಿಕ್ಕವೀರರಾಜೇಂದ್ರ. ಅಪ್ಪನಿಗೊಂದು ಮಗನಿಗೊಂದು. ನಾನೂ ನಂಬಿದ್ದೆ, ನೆಂಟರನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ.

ಇದನ್ನು ಒಡೆದವರು ಇತಿಹಾಸದ ಪ್ರಾಧ್ಯಾಪಕರಲ್ಲ. ಎಂಬತ್ತು ದಾಟಿದ ಒಬ್ಬ ನಿವೃತ್ತ ರೈಟರು, ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದವರು. ಸಂಜೆ ಪಾರ್ಕಿಗೆ ಗಾಳಿಗೆ ಬರುತ್ತಾರೆ. ಮಕ್ಕಳ ಕಾಗದವನ್ನು ನಾನು ಬೆಂಚಿನ ಮೇಲೆ ಹರಡಿಕೊಂಡು ಕೂತಿದ್ದೆ. ಕನ್ನಡಕ ಏರಿಸಿ ನೋಡಿದರು.

"ಇದೇನು ಮೇಷ್ಟ್ರೇ, ಯಾವ ತೋಟದ ಕಾಫಿ?"

"ಕಾಫಿ ಅಲ್ಲ ರೈಟ್ರೇ, ಫಿರಂಗಿ ಮೇಲಿನ ತಾರೀಖು."

"ತಾರೀಖಾ? ಹದಿನಾರು ಹಂಡ್ರೆಡ್‌ವೇಟು, ಎರಡು ಕ್ವಾರ್ಟರು, ಹದಿನಾಲ್ಕು ಪೌಂಡು. ನಾವು ಹೀಗೇ ಬರೀತಿದ್ದದ್ದು. ಕಿಲೋ ಬಂದ ಮೇಲೆ ಹೋಯ್ತು ನೋಡಿ."

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು: ಇಪ್ಪತ್ತೆಂಟು ಪೌಂಡಿಗೆ ಒಂದು ಕ್ವಾರ್ಟರು, ನಾಲ್ಕು ಕ್ವಾರ್ಟರಿಗೆ ಒಂದು ಹಂಡ್ರೆಡ್‌ವೇಟು, ಅಂದರೆ ನೂರಾ ಹನ್ನೆರಡು ಪೌಂಡು. ಹಾಗಾಗಿ ನಡುವಿನ ಅಂಕೆ ಮೂರನ್ನು ದಾಟುವುದಿಲ್ಲ, ಕೊನೆಯದು ಇಪ್ಪತ್ತೇಳನ್ನು ದಾಟುವುದಿಲ್ಲ. ದಾಟಿದರೆ ಬರೆದವನಿಗೆ ಲೆಕ್ಕ ಬರುವುದಿಲ್ಲ ಅಂತ ಅರ್ಥ, ತೋಟದ ದೊರೆ ಬೈಯುತ್ತಿದ್ದ.

ಎಷ್ಟು ಸರಳ! ಎರಡು ಫಿರಂಗಿ ಎಂಟು ವರ್ಷದ ಅಂತರದಲ್ಲಿ, ಎರಡೂ ಹದಿನಾರನೇ ತಾರೀಖಿಗೇ ಹುಟ್ಟಿದ್ದು ಯಾಕೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಒಂದೇ ಅಳತೆಯ ಎರಡು ಎರಕ ಹತ್ತಿರ ಹತ್ತಿರ ಒಂದೇ ತೂಗುತ್ತವೆ, ಅದಕ್ಕೇ ಎರಡಕ್ಕೂ ಹದಿನಾರು. ಬಲಗಡೆಯದು 1,862 ಪೌಂಡು, ಅಂದರೆ 844 ಕಿಲೋ ಚಿಲ್ಲರೆ. ಎಡಗಡೆಯದು 1,842 ಪೌಂಡು, 835 ಕಿಲೋ ಚಿಲ್ಲರೆ.

ಮಾತಿಗೆ ಮಾತು ಬೇಡವೆಂದು ತೂಕ ಹಾಕಿಸಿಯೇ ನೋಡುವುದೆಂದಾಯಿತು. ಹೇಗೂ ಕಟ್ಟೆಯಿಂದ ಇಳಿಸಬೇಕಿತ್ತು. ಮರದ ದಿಮ್ಮಿ ಲೋಡ್ ಮಾಡುವ ತಂಡ ಬಂತು. ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿ, ಸರಪಳಿ ನೇರ ಮೈಗೆ ತಾಗದ ಹಾಗೆ ಅಗಲ ಬೆಲ್ಟಿನಲ್ಲಿ ಎತ್ತಿದರು. ಪಕ್ಕದ ತೋಳುಗಳಿಗೆ ಹಗ್ಗ ಹಾಕಬೇಡಿ, ಬೀಡು ಬಾಗುವುದಿಲ್ಲ, ಮುರಿಯುತ್ತದೆ ಎಂದೆ. ಅವರ ಮೇಸ್ತ್ರಿ ನನ್ನನ್ನು ಕರುಣೆಯಿಂದ ನೋಡಿ, "ಬೀಟೆ ದಿಮ್ಮಿ ಇಳಿಸಿದವರು ಸಾರ್ ನಾವು" ಅಂದ. ಪಿಕಪ್ಪಿನಲ್ಲಿ ಹೇರಿ ಕಾಫಿ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದೆವು. ಖಾಲಿ ಗಾಡಿಯ ತೂಕ ಕಳೆದು ಬಂದದ್ದು: ಬಲಗಡೆಯದು 830, ಸಿಮೆಂಟ್ ಬಿಡಿಸಿದ ಮೇಲೆ ಎಡಗಡೆಯದು 805. ಐದು ಕಿಲೋ ಆಚೀಚೆ ತೋರಿಸುವ ಯಂತ್ರ, ಅಷ್ಟಕ್ಕೆ ರಿಯಾಯಿತಿ ಕೊಡೋಣ. ಆದರೂ ತೆರೆದದ್ದು ಕಳೆದುಕೊಂಡದ್ದು ಹದಿನಾಲ್ಕು ಕಿಲೋದಷ್ಟು, ಮುಚ್ಚಿದ್ದು ಮೂವತ್ತರಷ್ಟು. ಸಿಮೆಂಟಿನ ಪರವಾಗಿ ಆಮೇಲೆ ಯಾರೂ ಮಾತಾಡಲಿಲ್ಲ.

ಹಾಗಾದರೆ ಇವು ಯಾರವು? ಮೈ ನೋಡಿ ಹೇಳಬಹುದಾದಷ್ಟನ್ನು ಹೇಳುತ್ತೇನೆ. ಅಂಕೆಯ ಪದ್ಧತಿ ಇಂಗ್ಲಿಷರದು. ಬುಡದ ಕೊನೆಯ ಗುಂಡಗಿನ ಉಬ್ಬಿನ ಮೇಲೆ ಬಳೆಯಂಥ ಒಂದು ಕುಣಿಕೆ ಇದೆ. ಹಡಗಿನಲ್ಲಿ ಫಿರಂಗಿ ಹಾರಿದಾಗ ಹಿಂದಕ್ಕೆ ಒದೆಯದಂತೆ ತಡೆಯುವ ಹಗ್ಗ ಅದರೊಳಗೆ ಹಾಯುತ್ತದೆ. ಥಾಮಸ್ ಬ್ಲೋಮ್‌ಫೀಲ್ಡ್ ಎಂಬ ಬ್ರಿಟಿಷ್ ಫಿರಂಗಿ ತಪಾಸಣಾಧಿಕಾರಿಯ ಮಾದರಿ ಅದು, 1790ರ ದಶಕದಿಂದ ಬಳಕೆಗೆ ಬಂದದ್ದು. ಉದ್ದ ಆರಡಿ, ಬಾಯಿ 93 ಮಿಲಿಮೀಟರ್, ತೂಕ ಹದಿನಾರೂವರೆ ಹಂಡ್ರೆಡ್‌ವೇಟಿನ ಆಸುಪಾಸು: ಆರು ಪೌಂಡಿನ ಗುಂಡು ಹಾರಿಸುವ ಬೀಡಿನ ಫಿರಂಗಿಯ ಅಳತೆ ಇದು. ಹೈದರ್ ತೀರಿಕೊಂಡದ್ದು 1782ರಲ್ಲಿ, ಅವನ ಲೆಕ್ಕ ಬಿಡಬಹುದು. ದಂಡಿನ ಜೊತೆ ಎತ್ತು ಕಟ್ಟಿ ಓಡಾಡಿಸುತ್ತಿದ್ದ ಬ್ರಿಟಿಷ್ ತೋಪುಗಳು ಹೆಚ್ಚಾಗಿ ಹಗುರವಾದ ಕಂಚಿನವು. ಇಂಥ ಭಾರದ ಬೀಡಿನವು ಕೋಟೆಗೆ, ಹಡಗಿಗೆ.

ಕೊಡಗಿಗೆ ಇಂಗ್ಲಿಷ್ ತೋಪು ಬರಲು ದಾರಿಗಳು ಒಂದಲ್ಲ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಮಲೆಯಾಳದ ಕಡೆಯಿಂದ ಘಟ್ಟ ಹತ್ತಿ ಕೊಡಗಿನ ಮೂಲಕ ಶ್ರೀರಂಗಪಟ್ಟಣದತ್ತ ಹೋಯಿತು. ವಿರಾಜಪೇಟೆ ಎಂಬ ಊರು 1792ರಲ್ಲಿ ಹುಟ್ಟಿದ್ದೇ ಅರಸನೂ ಅಬರ್‌ಕ್ರಾಂಬಿಯೂ ಭೇಟಿಯಾದ ನೆನಪಿಗೆ. 1799ರ ಮಾರ್ಚ್ 6ರಂದು ಪೂರ್ವದ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪುವಿನ ಸೈನ್ಯಕ್ಕೂ ಮುಂಬಯಿ ಸೈನ್ಯಕ್ಕೂ ಕಾಳಗವಾಯಿತು. 1834ರ ಏಪ್ರಿಲ್ 6ರಂದು ಮಡಿಕೇರಿ ಕೋಟೆ ಕಂಪನಿಯ ಕೈಸೇರಿದ ಮೇಲಂತೂ ಕೋಟೆಯ ತುಂಬ ಅವರದೇ ಸಾಮಾನು. ಇವುಗಳಲ್ಲಿ ಒಂದನ್ನು ಆರಿಸಿ ಬೋರ್ಡಿನ ಮೇಲೆ ಬರೆದುಬಿಡಬೇಕೆಂಬ ಒತ್ತಾಯ ಸಮಿತಿಯಲ್ಲಿ ಜೋರಾಗಿತ್ತು. ನಾನು ಒಪ್ಪಲಿಲ್ಲ. ಎರಡು ತಪ್ಪು ಬೋರ್ಡು ಆಗಿತ್ತು, ಮೂರನೆಯದಕ್ಕೆ ನನ್ನ ಸಹಿ ಬೇಡವಿತ್ತು. ಅಲ್ಲದೆ ಫಿರಂಗಿ ಅನ್ನುವ ಮಾತೇ ಪರದೇಶದವನು ಅಂತ. ನಾವು ಪರಂಗಿ ಹಣ್ಣು ಅನ್ನುವುದೂ ಅದೇ ಲೆಕ್ಕದಲ್ಲಿ. ಹೆಸರಿನಲ್ಲೇ ಊರು ಹೇಳಿಕೊಂಡು ಬಂದ ವಸ್ತುವಿಗೆ ನಾವು ಬೇರೆ ಅಪ್ಪನನ್ನು ಹುಡುಕುತ್ತಿದ್ದೆವು.

ಒಳಗೆ ಏನಿದೆ

ಕೆಲಸ ಶುರುಮಾಡುವ ಮೊದಲು ನಮ್ಮನ್ನು ತಡೆದವರು ಸುಬೇದಾರ್ ಮಾಮ. ಸೈನ್ಯದ ತೋಪಖಾನೆಯಲ್ಲಿ ಇದ್ದು ನಿವೃತ್ತರಾದವರು. ಊರಿಗೆಲ್ಲ ಮಾಮ. ಎಡಗಡೆಯದರ ಸಿಮೆಂಟನ್ನು ಉಳಿಯಲ್ಲಿ ಚೂರುಚೂರಾಗಿ ಬಿಡಿಸಿ ಮುಗಿಸಿದ್ದೆವು. ಹುಡುಗನೊಬ್ಬ ಒಳಗೆ ಕಬ್ಬಿಣದ ಸರಳು ತೂರಿಸಲು ಹೊರಟಿದ್ದ.

"ನಿಲ್ಲು ಮರಿ. ಕಬ್ಬಿಣ ಬೇಡ. ಅಡಿಕೆ ದಬ್ಬೆ ತಾ. ಮನೆಯಲ್ಲಿ ಕೇಪಿನ ಕೋವಿ ಇದೆಯಲ್ಲ, ಈಡು ತುಂಬಿದೆಯೋ ಇಲ್ಲವೋ ಹೇಗೆ ನೋಡ್ತೀಯ?"

ಕೊಡಗಿನ ಹುಡುಗನಿಗೆ ಅದನ್ನು ಕಲಿಸಬೇಕಾಗಿಲ್ಲ. ಕಡ್ಡಿಯನ್ನು ನಳಿಗೆಯೊಳಗೆ ಇಳಿಸುವುದು, ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರಗೆ ತೆಗೆದು, ನಳಿಗೆಯ ಪಕ್ಕ ಹೊರಗಡೆ ಇಟ್ಟು ನೋಡುವುದು. ಕಿಂಡಿಯವರೆಗೆ ಬಂದರೆ ಖಾಲಿ, ಮೊದಲೇ ನಿಂತರೆ ಒಳಗೆ ಏನೋ ಇದೆ. ಬಲಗಡೆಯದರಲ್ಲಿ ದಬ್ಬೆ 172 ಸೆಂಟಿಮೀಟರ್ ಹೋಯಿತು, ಖಾಲಿ. ಎಡಗಡೆಯದರಲ್ಲಿ 158ಕ್ಕೆ ನಿಂತಿತು. ಹದಿನಾಲ್ಕು ಸೆಂಟಿಮೀಟರ್ ಕಡಿಮೆ. ಆರು ಪೌಂಡಿನ ಗುಂಡು ಹತ್ತಿರ ಒಂಬತ್ತು ಸೆಂಟಿಮೀಟರ್ ಅಗಲ. ಅದರ ಹಿಂದೆ ಒಂದಿಷ್ಟು ಮದ್ದು ಅಂದರೆ ಲೆಕ್ಕ ಬೇಡವಾದಷ್ಟು ಚೆನ್ನಾಗಿ ಕೂಡಿಕೊಳ್ಳುತ್ತಿತ್ತು.

ಮಾಮ ಎಲ್ಲರನ್ನೂ ಗೇಟಿನ ಹೊರಗೆ ಕಳಿಸಿ, ಬೀಡಿ ಹಚ್ಚಿದವನಿಗೆ ಬೈದು, ಬಾಯಿಯೆದುರು ಯಾರೂ ಹಾಯದ ಹಾಗೆ ಹಗ್ಗ ಕಟ್ಟಿಸಿದರು. ಕರಿಮದ್ದು ಒದ್ದೆಯಾದರೆ ಸತ್ತ ಹಾಗೆ ಇರುತ್ತದೆ, ಒಣಗಿದರೆ ಎದ್ದು ಕೂರುವುದೂ ಉಂಟು ಅನ್ನುವುದು ಅವರ ಮಾತು. ಪೊಲೀಸರಿಗೆ ತಿಳಿಸಿದೆವು, ಬಾಂಬ್ ನಿಷ್ಕ್ರಿಯ ದಳದವರು ಬಂದರು. ಕಿಂಡಿಯಿಂದಲೂ ಬಾಯಿಯಿಂದಲೂ ನೀರು ತುಂಬಿ ಒಂದು ರಾತ್ರಿ ನೆನೆಸಿ, ಮಾರನೇ ದಿನ ಮರದ ಕೋಲಿನಿಂದ ಸ್ವಲ್ಪ ಸ್ವಲ್ಪವೇ ಕೆದಕಿದರು. ಬಂದದ್ದು ಗಟ್ಟಿಯಾದ ಕೆಮ್ಮಣ್ಣು, ಕಣಜದ ಗೂಡು, ಮೂರು ಗೋಲಿ, ಮತ್ತು ಅಲ್ಯೂಮಿನಿಯಮ್ಮಿನ ಆರು ಮೂಲೆಯ ಇಪ್ಪತ್ತು ಪೈಸೆ. ದಳದವರು ನಕ್ಕರು. ಮಾಮ ನಗಲಿಲ್ಲ. ಅವರು ಮಾಡಿದ್ದೇ ಸರಿ ಎಂದು ಈಗಲೂ ನನ್ನ ಅಭಿಪ್ರಾಯ. ಹಳೇ ಫಿರಂಗಿಯನ್ನು ತುಂಬಿದೆ ಎಂದುಕೊಂಡೇ ಮುಟ್ಟಬೇಕು. ಜೊತೆಗೆ ಅವರೇ ಇನ್ನೊಂದನ್ನೂ ಮುಗಿಸಿದರು. ಮೈಸೂರು ದಸರಾದಲ್ಲಿ ಇಪ್ಪತ್ತೊಂದು ಕುಶಾಲತೋಪು ಹಾರಿಸುವ ಹಾಗೆ ನಮ್ಮಲ್ಲೂ ಒಂದು ಹಾರಿಸೋಣ ಎಂದು ಉತ್ಸಾಹಿಗಳು ಅರ್ಜಿ ಬರೆದಿದ್ದರು. ಉಗುರಿಗೆ ಗೀರು ಬೀಳುವ ಬೀಡಿನೊಳಗೆ ಮದ್ದು ಹಾಕಿದರೆ ಗುಂಡು ಮುಂದಕ್ಕೆ ಹೋಗುವ ಮೊದಲು ಫಿರಂಗಿ ನಾಲ್ಕೂ ಕಡೆ ಹೋಗುತ್ತದೆ ಎಂದು ಮಾಮ ಅದರ ಮೇಲೆ ಷರಾ ಬರೆದರು.

ಅಳಲೆಕಾಯಿಯ ಕಪ್ಪು

ಜನವರಿಯಿಂದ ಮಾರ್ಚ್ ನಡುವೆ, ಗಾಳಿ ಒಣಗಿದ್ದಾಗ ಕೆಲಸ ನಡೆಯಿತು. ಷೆಡ್ಡಿನಲ್ಲಿ ಇಟ್ಟು ಪೇಂಟ್ ಕರಗಿಸುವ ದ್ರಾವಣ ಹಚ್ಚಿ, ಬಿದಿರಿನ ಚಕ್ಕೆಯಲ್ಲಿ ಹನ್ನೊಂದು ಪದರ ಎಬ್ಬಿಸಿದೆವು. ಗ್ರೈಂಡರು, ಸುತ್ತಿಗೆ, ಮರಳು ಊದುವ ಯಂತ್ರ ಮೂರೂ ನಿಷೇಧ. ಸಡಿಲ ತುಕ್ಕನ್ನು ಗಡಸು ನಾರಿನ ಬ್ರಷ್ಷಿನಲ್ಲಿ ಮಾತ್ರ ತೆಗೆಯುವುದು, ಕಪ್ಪು ಮೆತ್ತನೆ ಪದರವನ್ನು ಮುಟ್ಟದೆ ಬಿಡುವುದು. ಹುಡುಗರಿಗೆ ಇದೇ ಕಷ್ಟವಾಗಿದ್ದು. ಫಳಫಳ ಕಬ್ಬಿಣ ಕಾಣುವವರೆಗೆ ಉಜ್ಜುವುದೇ ಶಿಸ್ತು ಎಂದು ಕಲಿಸಿದವನು ನಾನೇ.

ಆಮೇಲೆ ಟ್ಯಾನಿಕ್ ಆಮ್ಲ. ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ಪಿರಿಟ್ ಸೇರಿಸಿ ಬ್ರಷ್ಷಿನಲ್ಲಿ ಹಚ್ಚಿದರೆ, ಕೆಂಪು ತುಕ್ಕು ನೋಡುತ್ತಿದ್ದ ಹಾಗೆ ನೀಲಿಗಪ್ಪಾಗುತ್ತದೆ. ಮಾಲಿ ಹತ್ತಿರ ಬಂದು ಮೂಸಿ, "ಇದು ಮಸಿ ಅಲ್ವಾ ಸಾರ್" ಅಂದ. ಹೌದು. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಅಂಶ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದದ್ದು ಇದೇ ರಸಾಯನ. ಅಳಲೆಯ ಒಗರೇ ಟ್ಯಾನಿನ್. ಅದು ತುಕ್ಕಿನ ಕಬ್ಬಿಣವನ್ನು ಹಿಡಿದು, ಬೇಗ ಕರಗದ ಕಪ್ಪು ವಸ್ತುವಾಗಿ ಕೂರುತ್ತದೆ. ಮನೆಯಲ್ಲಿ ತುಕ್ಕು ಹಿಡಿದ ಕತ್ತಿಗೆ ಅಳಲೆಕಾಯಿ ಕುದಿಸಿದ ನೀರು ಹಚ್ಚಿ ನೋಡಿದೆ, ಕಪ್ಪಾಯಿತು. ಆದರೆ ಫಿರಂಗಿಗೆ ಹಾಕಲು ಧೈರ್ಯವಾಗಲಿಲ್ಲ. ಕಷಾಯದಲ್ಲಿ ಸಕ್ಕರೆ, ಅಂಟು, ಇನ್ನೇನೇನೋ ಇರುತ್ತದೆ, ಬೂಸ್ಟು ಹಿಡಿದೀತು. ಅಂಗಡಿಯ ಶುದ್ಧ ಪುಡಿಯನ್ನೇ ಮೂರು ಸಲ ಹಚ್ಚಿದೆವು, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು. ಅದರ ಮೇಲೆ ಎಪಾಕ್ಸಿ ಪ್ರೈಮರು, ಕೊನೆಗೆ ಹೊಳಪಿಲ್ಲದ ಕಪ್ಪು. ಅಂಕೆಯ ಜಾಗದಲ್ಲಿ ಮಾತ್ರ ಬಣ್ಣದ ಬದಲು ತೆಳುವಾಗಿ ಮೇಣ, ಓದಲು ಬರಲಿ ಅಂತ.

ಕಾಂಕ್ರೀಟಿನ ಮೇಲೆ ಮತ್ತೆ ಮಲಗಿಸಲಿಲ್ಲ. ಗಟ್ಟಿ ಮರದ ಎರಡು ದಿಂಬು, ಮರಕ್ಕೂ ಫಿರಂಗಿಗೂ ನಡುವೆ ತೇವ ಹೀರದ ಹಾಳೆ, ಅಡಿಯಲ್ಲಿ ಕೈ ಹೋಗುವಷ್ಟು ಗಾಳಿ. ಕಿಂಡಿಗೆ ಮೇಣದ ಬಿರಡೆ. ಬಾಯಿಗೆ ಮರದ ಮುಚ್ಚಳ, ಅದರ ಕೆಳ ಅಂಚಿನಲ್ಲಿ ಎರಡು ತೂತು, ತೂತಿಗೆ ಸೊಳ್ಳೆ ಹೋಗದ ಸಣ್ಣ ಜಾಲರಿ. ಎಲ್ಲಕ್ಕಿಂತ ಮುಖ್ಯ, ಇಳಿಜಾರು: ಬುಡದಿಂದ ಬಾಯಿಗೆ ಆರಡಿಗೆ ನಾಲ್ಕು ಇಂಚು ತಗ್ಗು.

ಜಗಳ ಎದ್ದದ್ದು ಇಲ್ಲಿ, ನಾನು ಎಣಿಸದ ಕಡೆ. ರಾಸಾಯನಿಕದ ಬಗ್ಗೆ ಒಬ್ಬರೂ ಕೇಳಲಿಲ್ಲ. "ತಲೆ ತಗ್ಗಿಸಿದ ಫಿರಂಗಿ ನಮ್ಮ ಊರಿಗೆ ಶೋಭೆಯಲ್ಲ. ಸೋತವನ ಹಾಗೆ ಕಾಣುತ್ತೆ. ಜನರಲ್‌ಗಳನ್ನು ಕೊಟ್ಟ ನಾಡು ಇದು" ಎಂದು ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ನನ್ನ ಹತ್ತಿರ ಉತ್ತರವಿರಲಿಲ್ಲ. ನೀರು ಇಳಿಯಬೇಕು ಅನ್ನುವುದು ಮಾನದ ಪ್ರಶ್ನೆಗೆ ಉತ್ತರವಲ್ಲ. ಮಾಮ ಹೇಳಿದರು: "ನೀವು ಕೈಲ್‌ಪೊಳ್ದ್‌ ಹಬ್ಬಕ್ಕೆ ಮೊದಲು ಕೋವಿ ಬಿಸಿನೀರಲ್ಲಿ ತೊಳೀತೀರಲ್ಲ, ತೊಳೆದು ಹೇಗೆ ಇಡ್ತೀರಿ? ಬಾಯಿ ಮೇಲಾ, ಕೆಳಗಾ?" ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗೇ" ಅಂದು ಕೂತರು. ಅದಕ್ಕೂ ಹಿಂದಿನ ಸೆಪ್ಟೆಂಬರ್ ಮೂರರಂದು, ಅಂದರೆ ಕೊಡವರ ಆ ಆಯುಧಪೂಜೆಯ ದಿನ, ಫಿರಂಗಿಗಳು ಇನ್ನೂ ಹಳೆಯ ಕಟ್ಟೆಯ ಮೇಲಿದ್ದಾಗಲೇ, ಯಾರೋ ಎರಡರ ಬಾಯಿಯ ಅಂಚಿಗೂ ತೋಕ್ ಪೂ, ಹಬ್ಬಕ್ಕೆ ಕೋವಿಯ ಬಾಯಿಗೆ ಇಡುವ ಹೂ, ಸಿಕ್ಕಿಸಿ ಹೋಗಿದ್ದರು. ಅವರೇ ಇರಬೇಕೆಂದು ನನ್ನ ಗುಮಾನಿ.

ಕಚೇರಿಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಆಸ್ತಿ ವಹಿಯಲ್ಲಿ ಇವು "ಕಬ್ಬಿಣದ ಹಳೇ ಕೊಳವೆ, 2 ನಗ" ಎಂದಿದ್ದವು. ಹಿಂದೊಮ್ಮೆ ಗುಜರಿ ಹರಾಜಿನ ಪಟ್ಟಿಗೂ ಸೇರಿ, ಎತ್ತಲು ಕ್ರೇನ್ ಸಿಗದೆ ಉಳಿದವು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಅರ್ಥದಲ್ಲಿ ಪುರಾವಸ್ತು, ಗುಜರಿಯಲ್ಲ. ಈಗ ವಹಿಯಲ್ಲಿ ಅಳತೆ, ಅಂಕೆ, ಎರಡೂ ತೂಕ, ನಾಲ್ಕು ಕಡೆಯ ಫೋಟೊ ಸಮೇತ ದಾಖಲಾಗಿವೆ. ಬೆಲೆಯ ಕಾಲಮ್ಮಿಗೆ ಗುಮಾಸ್ತರು ಎರಡು ದಿನ ಯೋಚಿಸಿ ಒಂದು ರೂಪಾಯಿ ಬರೆದರು.

ಬೋರ್ಡಿನ ಮೇಲೆ ಈಗ ಇರುವುದಿಷ್ಟು: "ಎರಕದ ಕಬ್ಬಿಣದ ಎರಡು ಫಿರಂಗಿಗಳು. ಆರು ಪೌಂಡಿನ ಗುಂಡು ಹಾರಿಸುವ ಬ್ರಿಟಿಷ್ ಮಾದರಿ, 1790ರ ದಶಕದಿಂದ ಈಚಿನದು. ಬುಡದ ಮೇಲಿನ ಅಂಕೆಗಳು ತೂಕ, ತಾರೀಖಲ್ಲ." ಕೊನೆಯ ಸಾಲನ್ನು ಹಾಕಿಸಿದ್ದು ನಾನು. ರೈಟರು ಓದಿ, ಹಂಡ್ರೆಡ್‌ವೇಟಿನ ಲೆಕ್ಕವನ್ನೂ ಬರೆಯಬೇಕಿತ್ತು ಅಂದರು. ಜಾಗ ಇರಲಿಲ್ಲ. ಅದಕ್ಕೆ ಅವರೇ ಸಂಜೆ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಾರೆ.

ಕಳೆದ ಜುಲೈಯಲ್ಲಿ ಅದೇ ಆಶಾ ಕಾರ್ಯಕರ್ತೆ ಬಂದರು. ಮಾಲಿ ಮುಚ್ಚಳ ಬಿಚ್ಚಿಕೊಟ್ಟ. ಟಾರ್ಚ್ ಬಿಟ್ಟು ನೋಡಿ, ಒಣಗಿದೆ ಅಂದರು. ಎಡಗಡೆಯದರ ಜಾಲರಿಗೆ ಜೇಡ ಬಲೆ ಕಟ್ಟಿತ್ತು, ತೆಗೆಯಬೇಕಾ ಎಂದು ಮಾಲಿ ಕೇಳಿದ. ಇರಲಿ ಅಂದೆವು.

ಆಗಸ್ಟ್ ಹದಿಮೂರಕ್ಕೆ ಬೆಳ್ಳಿ ಪೇಂಟಿನ ಎರಡು ಡಬ್ಬಿ, ಒಂದು ಹೊಸ ಬ್ರಷ್ಷು ಪಾರ್ಕಿಗೆ ಬಂದವು. ಪ್ರತಿ ವರ್ಷದ ಇಂಡೆಂಟು, ಯಾರೂ ರದ್ದು ಮಾಡಿರಲಿಲ್ಲ. ಮಾಲಿ ಅವನ್ನು ಷೆಡ್ಡಿನಲ್ಲಿ ಇಟ್ಟು ಬೀಗ ಹಾಕಿ, ನನಗೆ ಫೋನ್ ಮಾಡಿ, ಬೀಗದ ಕೈಯನ್ನು ಮನೆಗೆ ತೆಗೆದುಕೊಂಡು ಹೋದ. ಹದಿನಾಲ್ಕಕ್ಕೆ ಇಬ್ಬರೂ ಸೇರಿ ಅದನ್ನು ಗೇಟಿಗೆ ಬಳಿದೆವು.